ರೀಮಿನ ಮೇಲಿನ ಚೀಟಿ

(ಶಿವಮೊಗ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಾನು ಬೆಳೆದದ್ದು ಭದ್ರಾವತಿಯ ಪೇಪರ್ ಟೌನ್‌ನಲ್ಲಿ. ನನ್ನ ತಂದೆ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಫಿನಿಶಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದರು. ಬಿದಿರು ಬೆಂದು, ತಿರುಳಾಗಿ, ದೊಡ್ಡ ಯಂತ್ರದ ಮೇಲೆ ಹಾಳೆಯಾಗಿ ಸುತ್ತಿಕೊಳ್ಳುವುದನ್ನು ನೋಡಲು ಹೊರಗಿನಿಂದ ಜನ ಬರುತ್ತಿದ್ದರು. ತಂದೆಯವರ ವಿಭಾಗವನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಹಾಳೆ ಕತ್ತರಿಸುವುದು, ತೂತು ಬಿದ್ದದ್ದನ್ನೂ ಸುಕ್ಕಾದದ್ದನ್ನೂ ತೆಗೆದಿಡುವುದು, ಐನೂರು ಎಣಿಸುವುದು, ರೀಮಾಗಿ ಸುತ್ತುವುದು, ಮೇಲೊಂದು ಚೀಟಿ ಅಂಟಿಸುವುದು. ಅಳತೆ ಎಷ್ಟು, ತೂಕ ಎಷ್ಟು, ಹಾಳೆ ಎಷ್ಟು ಎಂದು ಆ ಚೀಟಿ ಹೇಳುತ್ತಿತ್ತು. ಒಮ್ಮೆ ನಾನು, ಇಷ್ಟು ಸಣ್ಣ ಚೀಟಿಗೆ ಇಷ್ಟೊಂದು ಜನ ಏಕೆ ಬೇಕು ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಚೀಟಿ ಅಂಟ್ಸಿದ ಮೇಲೆ ಆ ಕಾಗದ ಮಿಷನ್ನಿಂದಲ್ಲ ಕಣೋ, ನಮ್ದು. ಒಳಗೆ ಏನಾದ್ರೂ ಕಮ್ಮಿ ಆದ್ರೆ ಉತ್ತರ ಹೇಳ್ಬೇಕಾದೋರು ನಾವು."

ಆ ಕಾರ್ಖಾನೆಯ ಯಂತ್ರಗಳು ನಿಂತು ಸುಮಾರು ಹತ್ತು ವರ್ಷವಾಯಿತು. ತಂದೆಯವರೂ ಈಗಿಲ್ಲ. ನಾನು ಎರಡು ದಶಕದಿಂದ ಮಾಡಿಕೊಂಡು ಬಂದಿರುವುದು ಮಾತ್ರ ಅವರ ಕೆಲಸವನ್ನೇ. ಬೇರೆಯವರು ಬರೆದ ವಿಜ್ಞಾನದ ಮತ್ತು ವೈದ್ಯಕೀಯದ ತಂತ್ರಾಂಶಗಳನ್ನು ಪರೀಕ್ಷಿಸಿ, ಸುತ್ತಿ, ಚೀಟಿ ಅಂಟಿಸಿ, ಲಿನಕ್ಸ್ ಬಳಸುವ ಯಾರು ಬೇಕಾದರೂ ಒಂದೇ ಸಾಲಿನ ಆಜ್ಞೆಯಿಂದ ಪಡೆಯುವಂತೆ ಮಾಡುವ ಕೆಲಸ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಪ್ಯಾಕೇಜಿಂಗ್ ಎಂಬ ಹೆಸರಿದೆ. ಕನ್ನಡದಲ್ಲಿಯೂ ಪ್ಯಾಕೇಜ್ ಮಾಡುವುದು ಎಂದೇ ಹೇಳುತ್ತೇವೆ, ಅದನ್ನೇ ಇಟ್ಟುಕೊಳ್ಳೋಣ.

ಈ ಕೆಲಸಕ್ಕೆ ನಾನು ಬಂದದ್ದು ಹೇಗೆಂದು ಮೊದಲು ಹೇಳಬೇಕು. 2000ದ ದಶಕದ ಆರಂಭದಲ್ಲಿ ಒಂದು ಕಾಲೇಜಿನ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ತೀರ್ಥಹಳ್ಳಿ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಕೆಲವು ಪ್ರೋಟೀನ್‌ಗಳ ಅನುಕ್ರಮಗಳನ್ನು ತಂದು, ಇವುಗಳ ವಂಶವೃಕ್ಷ ಕಟ್ಟಬೇಕು ಸರ್ ಎಂದರು. ಅದಕ್ಕೆ ಬೇಕಾದ ತಂತ್ರಾಂಶದ ಹೆಸರು ಒಂದು ಪ್ರಬಂಧದಲ್ಲಿತ್ತು. ಬೆಲೆ ಇರಲಿಲ್ಲ, ಸೋರ್ಸ್ ಕೋಡ್ ಅಂತರಜಾಲದಲ್ಲಿ ತೆರೆದೇ ಇತ್ತು. ಇಳಿಸಿಕೊಂಡೆ. ಕಂಪೈಲ್ ಮಾಡಲು, ಅಂದರೆ ಆ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಲು, ಹೋದರೆ ಅದಕ್ಕೆ ಆಧಾರವಾದ ಒಂದು ಲೈಬ್ರರಿ ಇಲ್ಲ ಎಂದಿತು. ಆ ಲೈಬ್ರರಿ ತಂದರೆ ಹೊಸ ಕಂಪೈಲರ್ ಬೇಕೆಂದಿತು. ಹೊಸ ಕಂಪೈಲರ್ ಹಾಕಿದರೆ ಅದುವರೆಗೆ ಓಡುತ್ತಿದ್ದ ಬೇರೆ ಎರಡು ತಂತ್ರಾಂಶ ನಿಂತವು. ಹನ್ನೊಂದು ದಿನ ಹೀಗೇ ಹೋಯಿತು. ಹನ್ನೆರಡನೆಯ ದಿನ ಓಡಿತು. ಆದರೆ ತಂತ್ರಾಂಶದ ಜೊತೆಗೇ ಕೊಟ್ಟಿದ್ದ ಮಾದರಿ ಲೆಕ್ಕದ ಉತ್ತರವೂ ನಮ್ಮ ಯಂತ್ರ ಕೊಟ್ಟ ಉತ್ತರವೂ ಮೂರನೆಯ ದಶಮಾಂಶದಲ್ಲಿ ಬೇರೆಯಾಗಿದ್ದವು. ಏಕೆಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆ ಹುಡುಗಿ ಆ ಲೆಕ್ಕವನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಒಂದು ವರ್ಷದ ಮೇಲೆ ಆ ಯಂತ್ರದ ಡಿಸ್ಕ್ ಕೆಟ್ಟಿತು. ನಾನು ಮಾಡಿದ್ದನ್ನು ನಾನೇ ಮತ್ತೊಮ್ಮೆ ಮಾಡಲು ಸಾಧ್ಯವಾಗಲಿಲ್ಲ.

ಒಬ್ಬರಿಗೆ ಸಿಕ್ಕ ಫಲಿತಾಂಶ ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಕೈಯಲ್ಲಿ, ಮರುವರ್ಷವೂ ಸಿಗಬೇಕು ಎಂಬುದು ವಿಜ್ಞಾನದ ಮೊದಲ ಷರತ್ತು. ಇಂದು ಜೀವವಿಜ್ಞಾನದ ಎಷ್ಟೋ ಪ್ರಯೋಗ ನಡೆಯುವುದು ತಂತ್ರಾಂಶದ ಒಳಗೆ. ಆ ತಂತ್ರಾಂಶ ಇನ್ನೊಂದು ಊರಿಗೆ ಸರಿಯಾಗಿ ತಲುಪದಿದ್ದರೆ ಪ್ರಯೋಗವೂ ತಲುಪಲಿಲ್ಲ ಎಂದೇ ಅರ್ಥ. ಆದ್ದರಿಂದ ತಲುಪಿಸುವವರ ಕೆಲಸವನ್ನು ವಿಜ್ಞಾನದ ಹೊರಗಿಟ್ಟು ನೋಡಬಾರದು ಎಂಬುದು ನನ್ನ ನಂಬಿಕೆ. ಇಂದಿನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಲಿನಕ್ಸ್ ವಿತರಣೆ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳಷ್ಟೇ. ಅದರ ಸುತ್ತ ಸಾವಿರಾರು ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದುವಂತೆ ಜೋಡಿಸಿ ಕೊಡುವ ವ್ಯವಸ್ಥೆಯೇ ವಿತರಣೆ. ಅಂಥವುಗಳಲ್ಲಿ ಡೆಬಿಯನ್ ಒಂದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಅದನ್ನು ಘೋಷಿಸಿದರು. ಅದಕ್ಕೆ ಮಾಲೀಕರಿಲ್ಲ. ಸ್ವಯಂಸೇವಕರು ನಡೆಸುತ್ತಾರೆ, ತಮ್ಮ ಮುಖ್ಯಸ್ಥರನ್ನು ವರ್ಷವರ್ಷವೂ ಮತ ಹಾಕಿ ಆರಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಅದರ 13ನೆಯ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. ನಮ್ಮ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಅದರ ಮೇಲೆಯೇ. ಹಾಗಾಗಿ ಡೆಬಿಯನ್‌ನಲ್ಲಿ ಒಮ್ಮೆ ಸರಿಪಡಿಸಿದ್ದು ಅವೆಲ್ಲಕ್ಕೂ ಹರಿದು ಹೋಗುತ್ತದೆ.

2002ರಲ್ಲಿ ಜರ್ಮನಿಯ ಆಂಡ್ರಿಯಾಸ್ ಟಿಲ್ಲೆ ಎಂಬುವರು, ಭೌತವಿಜ್ಞಾನ ಓದಿದವರು, ಡೆಬಿಯನ್‌ನ ಒಳಗೇ ಡೆಬಿಯನ್ ಮೆಡ್ ಎಂಬ ಯೋಜನೆ ಆರಂಭಿಸಿದರು. ವೈದ್ಯಕೀಯಕ್ಕೂ ಜೀವವಿಜ್ಞಾನಕ್ಕೂ ಬೇಕಾದ ಮುಕ್ತ ತಂತ್ರಾಂಶಗಳನ್ನು ಹುಡುಕಿ, ಡೆಬಿಯನ್‌ನ ಒಳಕ್ಕೆ ತಂದು, ಗುಂಪು ಗುಂಪಾಗಿ ಒದಗಿಸುವುದು ಅದರ ಗುರಿ. ಇಂದು 'ಮೆಡ್-ಬಯೊ' ಎಂಬ ಒಂದು ಹೆಸರನ್ನು ಕೇಳಿದರೆ ಜೀವವಿಜ್ಞಾನದ ನೂರಾರು ತಂತ್ರಾಂಶಗಳು ಒಟ್ಟಿಗೆ ಬರುತ್ತವೆ. 'ಮೆಡ್-ಇಮೇಜಿಂಗ್' ಎಂದರೆ ಸ್ಕ್ಯಾನ್ ಚಿತ್ರಗಳವು. 'ಮೆಡ್-ಎಪಿ' ಎಂದರೆ ಸಾಂಕ್ರಾಮಿಕ ರೋಗಗಳ ಅಧ್ಯಯನಕ್ಕೆ ಬೇಕಾದವು. ಟಿಲ್ಲೆಯವರನ್ನು 2024ರಲ್ಲಿ ಇಡೀ ಡೆಬಿಯನ್‌ನ ಮುಖ್ಯಸ್ಥರನ್ನಾಗಿ ಆರಿಸಿದರು. ಇಪ್ಪತ್ತೆರಡು ವರ್ಷ ಚೀಟಿ ಅಂಟಿಸಿದವರಿಗೆ ಸಂದ ಆ ಗೌರವದಿಂದ ನನಗೆ ವೈಯಕ್ತಿಕವಾಗಿ ತುಂಬ ಸಂತೋಷವಾಯಿತು.

ಇದೆಲ್ಲ ದೂರದ ಮಾತೆನಿಸಬಹುದು. ನಮ್ಮ ಜಿಲ್ಲೆಗೇ ಬರುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಯವರು ಜ್ವರ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದು, ಇದು ಉಣುಗಿನ ಕಡಿತದಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ, ಜಗತ್ತು ಅದನ್ನು ಕ್ಯಾಸನೂರು ಕಾಡಿನ ಹೆಸರಿನಿಂದಲೇ ಕರೆಯುತ್ತದೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಪ್ರಯೋಗಾಲಯವಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಈ ಕಾಯಿಲೆ ಮಾಡಿದ ಹಾನಿಯನ್ನು ಈ ಸಭೆಯಲ್ಲಿ ಯಾರೂ ಮರೆತಿರಲಾರರು.

ಈ ವೈರಸ್‌ನ ಇಡೀ ಆನುವಂಶಿಕ ಬರಹ ಸುಮಾರು ಹನ್ನೊಂದು ಸಾವಿರ ಅಕ್ಷರಗಳಷ್ಟು, ಅಚ್ಚು ಹಾಕಿದರೆ ಐದಾರು ಪುಟ. ಒಬ್ಬ ರೋಗಿಯ ರಕ್ತದ ಮಾದರಿಯಿಂದ ಆ ಐದಾರು ಪುಟವನ್ನು ಓದಿ, ಹಿಂದಿನ ವರ್ಷಗಳ ಪುಟಗಳ ಜೊತೆಗಿಟ್ಟು, ಯಾವ ಅಕ್ಷರ ಎಲ್ಲಿ ಬದಲಾಗಿದೆ, ಈ ವರ್ಷದ ವೈರಸ್ ಯಾವ ಕವಲಿನದು ಎಂದು ಹೇಳಬೇಕೆಂದುಕೊಳ್ಳಿ. ಓದುವ ಯಂತ್ರ ಆ ಬರಹವನ್ನು ಲಕ್ಷಾಂತರ ಚೂರುಗಳಾಗಿ ಕೊಡುತ್ತದೆ. ಚೂರುಗಳ ಗುಣಮಟ್ಟ ನೋಡಲು ಫಾಸ್ಟ್‌ಕ್ಯೂಸಿ ಇದೆ, ಅದು ಬ್ರಿಟನ್ನಿನ ಬಾಬ್ರಹಾಮ್ ಸಂಸ್ಥೆಯದು, ಜಾವಾ ಭಾಷೆಯಲ್ಲಿದೆ. ಚೂರುಗಳನ್ನು ಮೂಲಪ್ರತಿಯ ಮೇಲೆ ಹೊಂದಿಸಿ ಇಡುವ ಬಿಡಬ್ಲ್ಯುಎ ಹೆಂಗ್ ಲೀ ಬರೆದದ್ದು, ಸಿ ಭಾಷೆಯಲ್ಲಿದೆ. ಹೊಂದಿಸಿದ್ದನ್ನು ವಿಂಗಡಿಸಲು ಸ್ಯಾಮ್‌ಟೂಲ್ಸ್. ಹಲವು ವೈರಸ್‌ಗಳ ಬರಹವನ್ನು ಸಾಲುಸಾಲಾಗಿ ಒಂದರ ಕೆಳಗೊಂದು ಹೊಂದಿಸಲು ಜಪಾನಿನ ಮ್ಯಾಫ್ಟ್. ಕೊನೆಗೆ ವಂಶವೃಕ್ಷ ಕಟ್ಟಲು ಐಕ್ಯೂ-ಟ್ರೀ, ಅದು ಸಿ++ ಭಾಷೆಯದು. ಐದು ತಂತ್ರಾಂಶ, ಹಲವು ಗುಂಪು, ಮೂರು ಭಾಷೆ, ಬೇರೆ ಬೇರೆ ಪರವಾನಗಿ. ಐದೂ ಡೆಬಿಯನ್‌ನಲ್ಲಿವೆ. ನನ್ನ ಹನ್ನೊಂದು ದಿನಗಳ ಕೆಲಸ ಇಂದು ಶಿವಮೊಗ್ಗದಲ್ಲಿ ಕುಳಿತ ವಿದ್ಯಾರ್ಥಿಗೆ ಒಂದು ಕಾಫಿಯ ಹೊತ್ತು.

ಇಂಥ ಹೋಲಿಕೆಗಳಿಂದಲೇ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ಎಂಬ ವೈರಸ್ ನಮ್ಮ ಕ್ಯಾಸನೂರಿನ ವೈರಸ್‌ಗೆ ತೀರಾ ಹತ್ತಿರದ ಸಂಬಂಧಿ ಎಂಬುದು ತಿಳಿದದ್ದು. ಸೊರಬದ ಕಾಡಿಗೂ ಅರೇಬಿಯಾದ ಮರುಭೂಮಿಗೂ ನಡುವೆ ಇರುವ ಆ ನಂಟನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸುತ್ತಿರಲಿಲ್ಲ.

ಈಗ ಚೀಟಿಯ ವಿಷಯ. ಪ್ಯಾಕೇಜ್ ಮಾಡುವವರು ಮೂಲ ಲೇಖಕರ ಕೋಡ್‌ನ ಪಕ್ಕದಲ್ಲಿ 'ಡೆಬಿಯನ್' ಎಂಬ ಹೆಸರಿನ ಒಂದು ಕಡತಕೋಶ ಇಡುತ್ತಾರೆ. ಅದರೊಳಗೆ ಕೆಲವು ಸರಳ ಪಠ್ಯದ ಕಡತಗಳು. 'ಕಂಟ್ರೋಲ್' ಎಂಬುದು ಈ ತಂತ್ರಾಂಶ ಏನು, ಓಡಲು ಬೇರೆ ಯಾವುವು ಬೇಕು, ಕಟ್ಟಲು ಯಾವುವು ಬೇಕು ಎಂದು ಹೇಳುತ್ತದೆ. 'ರೂಲ್ಸ್' ಕಟ್ಟುವ ವಿಧಾನ. 'ಚೇಂಜ್‌ಲಾಗ್' ಯಾರು ಯಾವ ದಿನ ಏನು ಬದಲಿಸಿದರು ಎಂಬ ದಿನಚರಿ, ಹೆಸರು ಹಾಕದೆ ಅದರಲ್ಲಿ ಒಂದು ಸಾಲೂ ಸೇರುವಂತಿಲ್ಲ. ಹೊಸಬರಿಗೆ ತೀರಾ ಬೇಸರ ತರಿಸುವುದೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ 'ಕಾಪಿರೈಟ್' ಎಂಬ ಕಡತ. ಒಳಗಿರುವ ಒಂದೊಂದು ಕಡತವೂ ಯಾರದು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಅದರಲ್ಲಿ ಬರೆಯಬೇಕು. ಸಾವಿರ ಕಡತವಿದ್ದರೆ ಸಾವಿರವನ್ನೂ ನೋಡಬೇಕು.

ನನ್ನ ಮೊದಲ ಪ್ಯಾಕೇಜ್ ತಿರಸ್ಕೃತವಾದದ್ದು ಇದೇ ಕಾರಣಕ್ಕೆ. ಮುನ್ನೂರು ಕಡತಗಳಲ್ಲಿ ಒಂದರ ತಲೆಯ ಮೇಲೆ, ಶೈಕ್ಷಣಿಕ ಬಳಕೆಗೆ ಮಾತ್ರ ಎಂಬ ಒಂದು ಸಾಲಿತ್ತು. ನಾನು ನೋಡಿರಲಿಲ್ಲ, ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್‌ಗಳನ್ನು ಪರಿಶೀಲಿಸುವ ಸ್ವಯಂಸೇವಕರು ನೋಡಿದರು. ಒಂದು ಸಾಲಿನಿಂದ ಏನಾಗುತ್ತದೆ ಎಂದು ಆಗ ನನಗೆ ಅನ್ನಿಸಿತ್ತು. ಏನಾಗುತ್ತದೆಂದರೆ, ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯ ಶೈಕ್ಷಣಿಕ ಸಂಸ್ಥೆಯೇ ಎಂಬ ಪ್ರಶ್ನೆ ಏಳುತ್ತದೆ. ಶಿವಮೊಗ್ಗದ ದುರ್ಗಿಗುಡಿಯ ಒಂದು ಖಾಸಗಿ ಕ್ಲಿನಿಕ್? ರೈತರ ಸಹಕಾರ ಸಂಘ ನಡೆಸುವ ಮಣ್ಣು ಪರೀಕ್ಷಾ ಕೇಂದ್ರ? 1997ರಲ್ಲಿ ಡೆಬಿಯನ್ ತನಗೆ ತಾನೇ ಬರೆದುಕೊಂಡ ಮಾರ್ಗಸೂಚಿ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಯಾವ ಕ್ಷೇತ್ರದವರಿಗೂ ತಂತ್ರಾಂಶವನ್ನು ನಿರಾಕರಿಸುವಂತಿಲ್ಲ ಎನ್ನುವ ಆ ನಿಯಮ, ಉದಾಹರಣೆಯಾಗಿ ವ್ಯಾಪಾರವನ್ನೂ ಆನುವಂಶಿಕ ಸಂಶೋಧನೆಯನ್ನೂ ಹೆಸರಿಸುತ್ತದೆ. ಡೆಬಿಯನ್ ಮೆಡ್ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಅದಕ್ಕೆ ಬೇಕಾದ ನೆಲ ಹದವಾಗಿತ್ತು.

ಅನುಕ್ರಮಗಳನ್ನು ಹೊಂದಿಸುವ ಕ್ಲಸ್ಟಲ್ ಎಂಬ ತಂತ್ರಾಂಶ 1988ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿತು, 1994ರಲ್ಲಿ ಕ್ಲಸ್ಟಲ್-ಡಬ್ಲ್ಯು ಆಗಿ ಬೆಳೆಯಿತು. ಜಗತ್ತಿನ ಎಷ್ಟೋ ಜೀವವಿಜ್ಞಾನಿಗಳು ಬಳಸುತ್ತಿದ್ದ ಅದು, ಷರತ್ತುಗಳ ಕಾರಣದಿಂದ ಡೆಬಿಯನ್‌ನ ಮುಖ್ಯ ಭಂಡಾರದ ಹೊರಗೇ ಉಳಿದಿತ್ತು. 2010ರಲ್ಲಿ ಲೇಖಕರು ಅದನ್ನು ಮುಕ್ತ ಪರವಾನಗಿಗೆ ತಂದರು, ಆಮೇಲೆ ಒಳಗೆ ಬಂತು. ಜೋಸೆಫ್ ಫೆಲ್ಸನ್‌ಸ್ಟೈನ್ ಅವರ ವಂಶವೃಕ್ಷ ಕಟ್ಟುವ ಫಿಲಿಪ್ ಕೂಡ ಹೀಗೆಯೇ ತಡವಾಗಿ ಮುಕ್ತವಾಯಿತು. ಇಂಥ ಬದಲಾವಣೆಗಳ ಹಿಂದೆ ವಿನಯವಾಗಿ, ಬಿಡದೆ ಬರೆದ ಪತ್ರಗಳಿರುತ್ತವೆ. ನನ್ನ ಆ ಒಂದು ಸಾಲಿಗೂ ನಾನು ಪತ್ರ ಬರೆದೆ. ಲೇಖಕರು ನಿವೃತ್ತ ಪ್ರಾಧ್ಯಾಪಕರು, ಆರು ವಾರದ ಮೇಲೆ ಉತ್ತರ ಬಂತು. ಆ ಸಾಲನ್ನು ಯಾರು ಯಾವಾಗ ಸೇರಿಸಿದರೋ ತಮಗೇ ನೆನಪಿಲ್ಲ, ತೆಗೆದುಹಾಕಿದ್ದೇನೆ ಎಂದು ಬರೆದಿದ್ದರು. ಯಾರೂ ಕೇಳಿರಲಿಲ್ಲ, ಅಷ್ಟೇ.

ಇನ್ನೊಂದು ತೊಡಕು ಯಂತ್ರದ್ದು. ವೇಗಕ್ಕಾಗಿ ಎಷ್ಟೋ ವೈಜ್ಞಾನಿಕ ತಂತ್ರಾಂಶಗಳನ್ನು ಇಂಟೆಲ್ ಮಾದರಿಯ ಚಿಪ್‌ಗಳ ವಿಶೇಷ ಆಜ್ಞೆಗಳಿಗೆ ಕಟ್ಟಿಹಾಕಿ ಬರೆದಿರುತ್ತಾರೆ. ಆರ್ಮ್ ಚಿಪ್ ಇರುವ ಅಗ್ಗದ ಪುಟ್ಟ ಕಂಪ್ಯೂಟರುಗಳಲ್ಲಿ ಅವು ಕಟ್ಟಿಕೊಳ್ಳುವುದೇ ಇಲ್ಲ. ಡೆಬಿಯನ್ ಮೆಡ್‌ನವರು ಸಿಮ್ಡೆ ಎಂಬ ಮುಕ್ತ ಲೈಬ್ರರಿಯನ್ನು ನಡುವೆ ಇಟ್ಟು, ಒಂದೊಂದಾಗಿ ಇಂಥವನ್ನು ಬಿಡಿಸಿದ್ದಾರೆ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದರಿಂದ ಅಷ್ಟೇನೂ ಲಾಭವಿಲ್ಲ. ಕೆಲವೇ ಸಾವಿರ ರೂಪಾಯಿಯ ಯಂತ್ರ ಮಾತ್ರ ಕೊಳ್ಳಬಲ್ಲ ಕಾಲೇಜಿಗೆ ಲಾಭವಿದೆ.

ಚೀಟಿ ಅಂಟಿಸುವವರೂ ತಪ್ಪು ಮಾಡುತ್ತಾರೆ. ಇದನ್ನು ಮುಚ್ಚಿಟ್ಟು ಈ ಕೆಲಸವನ್ನು ಹೊಗಳಿದರೆ ನಿಮಗೆ ಅನ್ಯಾಯವಾಗುತ್ತದೆ. 2006ರಲ್ಲಿ ಡೆಬಿಯನ್‌ನ ಒಬ್ಬ ನಿರ್ವಾಹಕರು, ಗೂಢಲಿಪಿಯ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ತಪಾಸಣೆಯ ಉಪಕರಣವೊಂದು ದೂರುತ್ತಿದ್ದ ಸಾಲುಗಳನ್ನು ತೆಗೆದುಹಾಕಿದರು. ಅದರಿಂದ ಊಹಿಸಲಾಗದಂತೆ ಇರಬೇಕಾಗಿದ್ದ ಬೀಗದಕೈಗಳು ಒಂದೊಂದು ಬಗೆಯಲ್ಲಿ ಸುಮಾರು 32 ಸಾವಿರಕ್ಕೆ ಇಳಿದವು. ಕಂಪ್ಯೂಟರಿಗೆ 32 ಸಾವಿರ ಎಣಿಸುವುದು ಯಾವ ಲೆಕ್ಕ? 2008ರ ಮೇ ತಿಂಗಳವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗೊತ್ತಾದ ದಿನ ಡೆಬಿಯನ್ ಅದನ್ನು ತಾನೇ ಜಗತ್ತಿಗೆಲ್ಲ ಸಾರಿತು, ಕೆಟ್ಟ ಕೀಲಿಗಳನ್ನು ಪತ್ತೆ ಮಾಡುವ ಸಾಧನವನ್ನೂ ಕೊಟ್ಟಿತು. ಬೇರೆಯವರ ಕೋಡ್‌ನಲ್ಲಿ ಕೈಯಾಡಿಸಿದಾಗ ಏಕೆ, ಯಾರು, ಮೂಲ ಲೇಖಕರಿಗೆ ಕಳುಹಿಸಿದ್ದೀರೋ ಇಲ್ಲವೋ ಎಂದು ತಿದ್ದುಪಡಿಯ ನೆತ್ತಿಯ ಮೇಲೇ ಬರೆಯುವ ಪದ್ಧತಿ ಈಗಿದೆ. ನಾನು ಕಲಿಸುವ ಹುಡುಗರಿಗೆ ಮೊದಲು ಹೇಳುವ ಕಥೆ ಇದೇ.

ಮೂಲದಲ್ಲೇ ತಪ್ಪಿರುವುದೂ ಉಂಟು. ಮೆದುಳಿನ ಎಂಆರ್‌ಐ ಚಿತ್ರಗಳನ್ನು ವಿಶ್ಲೇಷಿಸುವ ಎಎಫ್‌ಎನ್‌ಐ ಎಂಬ ತಂತ್ರಾಂಶದ ಒಂದು ಭಾಗದಲ್ಲಿ 15 ವರ್ಷ ಒಂದು ದೋಷ ಕುಳಿತಿತ್ತು. ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು ಅದನ್ನು ಕಂಡುಹಿಡಿದರು, 2015ರಲ್ಲಿ ಸರಿಪಡಿಸಲಾಯಿತು, 2016ರಲ್ಲಿ ಅವರ ಪ್ರಬಂಧ ಬಂದಾಗ ದೊಡ್ಡ ಚರ್ಚೆಯಾಯಿತು. ಹದಿನೈದು ವರ್ಷ ಯಾರೂ ನೋಡದಿದ್ದದ್ದು ಮುಕ್ತ ತಂತ್ರಾಂಶದ ಸೋಲು ಎಂದವರಿದ್ದಾರೆ. ಕೋಡ್ ತೆರೆದಿದ್ದರಿಂದಲೇ ದೋಷ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು ಎಂಬುದು ನನ್ನ ಅಭಿಪ್ರಾಯ. ಆದರೂ ತೆರೆದಿಟ್ಟರೆ ಸಾಲದು, ತೆರೆದಿಟ್ಟದ್ದನ್ನು ಯಾರಾದರೂ ಓದಬೇಕು. ಪ್ಯಾಕೇಜ್ ಮಾಡುವವರು, ಬೇರೆ ದಾರಿಯೇ ಇಲ್ಲದೆ, ಓದುತ್ತಾರೆ.

ಓದುವುದರ ಜೊತೆಗೆ ಪರೀಕ್ಷೆ. ಪ್ಯಾಕೇಜ್‌ನ ಜೊತೆಗೇ ಒಂದು ಸಣ್ಣ ದತ್ತಾಂಶವನ್ನೂ ಅದಕ್ಕೆ ಬರಬೇಕಾದ ಉತ್ತರವನ್ನೂ ಇಡಬಹುದು. ಆಮೇಲೆ ಅದು ಅವಲಂಬಿಸಿರುವ ಯಾವುದೋ ಲೈಬ್ರರಿ ಬದಲಾದಾಗ ಡೆಬಿಯನ್‌ನ ಯಂತ್ರಗಳು ಆ ಲೆಕ್ಕವನ್ನು ತಾವೇ ಮತ್ತೆ ಮಾಡಿ ನೋಡುತ್ತವೆ. ಉತ್ತರ ತಾಳೆಯಾಗದಿದ್ದರೆ ಆ ಹೊಸ ಲೈಬ್ರರಿಗೆ ಮುಂದೆ ಹೋಗಲು ದಾರಿ ಸಿಗುವುದಿಲ್ಲ. ನನ್ನ ಪ್ರಯೋಗಾಲಯದ ಮೂರನೆಯ ದಶಮಾಂಶದ ಗುಟ್ಟು ಇಂಥ ಒಂದು ಪರೀಕ್ಷೆ ಇದ್ದಿದ್ದರೆ ಒಂದು ಗಂಟೆಯಲ್ಲಿ ಬಯಲಾಗುತ್ತಿತ್ತು.

ಮುಂದೆ ಹೋಗುವುದು ಎಂದೆ. ಡೆಬಿಯನ್‌ನಲ್ಲಿ ಮೂರು ಮೆಟ್ಟಿಲುಗಳಿವೆ. ಅಡಿಕೆಯ ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. 'ಅನ್‌ಸ್ಟೇಬಲ್' ಎಂದರೆ ಆಗಷ್ಟೇ ಸುಲಿದ ಹಸಿ ಅಡಿಕೆ. 'ಟೆಸ್ಟಿಂಗ್' ಎಂದರೆ ಬೆಂದು ಅಂಗಳದಲ್ಲಿ ಒಣಗುತ್ತಿರುವುದು. 'ಸ್ಟೇಬಲ್' ಎಂದರೆ ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿ ಮಂಡಿಗೆ ಬಂದದ್ದು. 1939ರಿಂದ ಮಾಮ್‌ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಮಲೆನಾಡಿನ ಬೆಳೆಗಾರರ ಚೀಲಗಳನ್ನು ತೂಗಿ ಮಾರಾಟಕ್ಕೆ ಇಡುತ್ತಿದೆ, ಕೊಳ್ಳುವವರು ಚೀಲದ ಗುರುತನ್ನು ನಂಬಿ ಕೊಳ್ಳುತ್ತಾರೆ. ಸ್ಟೇಬಲ್ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಅದಕ್ಕೆ ಭದ್ರತೆಯ ತಿದ್ದುಪಡಿಗಳು ಸಿಗುತ್ತವೆ. ಪಿಎಚ್‌ಡಿ ಮುಗಿಯುವವರೆಗೆ ಬುಡ ಅಲುಗದ ಯಂತ್ರವೊಂದು ವಿದ್ಯಾರ್ಥಿಗೆ ಸಿಕ್ಕಿತು ಎಂದಾಯಿತು.

ಈಗ ಡಾಕರ್‌ನಂಥ ಕಂಟೇನರ್‌ಗಳೂ ಬಯೊಕಾಂಡಾದಂಥ ಬೇರೆ ವ್ಯವಸ್ಥೆಗಳೂ ಇವೆ, ಈ ಪಡಿಪಾಟಲು ಏಕೆ ಎಂದು ಕೇಳುವವರಿದ್ದಾರೆ. ಅವು ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಕಂಟೇನರ್ ಎಂದರೆ ಮನೆಯನ್ನೇ ಬೀಗ ಹಾಕಿ ಲಾರಿಯ ಮೇಲಿಟ್ಟು ಕಳುಹಿಸಿದ ಹಾಗೆ. ಒಳಗಿನ ಹಳೆಯ ಲೈಬ್ರರಿಯಲ್ಲಿ ಭದ್ರತೆಯ ದೋಷವಿದ್ದರೆ ಅದೂ ಹಾಗೆಯೇ ಬರುತ್ತದೆ. ಒಳಗಿರುವುದು ಯಾರದು, ಯಾವ ಷರತ್ತಿನದು ಎಂದು ಬಹಳ ಸಲ ಯಾರೂ ನೋಡಿರುವುದಿಲ್ಲ. ರೋಗಿಯ ಮಾಹಿತಿ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ಆಸ್ಪತ್ರೆಯ ಮಾತು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸೆಬಾಸ್ಟಿಯನ್ ಜೋಡೋನ್ ಎಂಬುವರು ಆರ್ಥಾಂಕ್ ಎಂಬ ತಂತ್ರಾಂಶ ಬರೆದರು. ಸಿಟಿ, ಎಂಆರ್‌ಐ ಯಂತ್ರಗಳಿಂದ ಬರುವ ಡೈಕಾಮ್ ಎಂಬ ನಮೂನೆಯ ಚಿತ್ರಗಳನ್ನು ಸ್ವೀಕರಿಸಿ, ಸಾಮಾನ್ಯ ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಕೇಳಿದವರಿಗೆ ಕೊಡುವುದು ಅದರ ಕೆಲಸ. ಅದೂ ಡೆಬಿಯನ್‌ನಲ್ಲಿದೆ. ಆದರೆ ಇಲ್ಲಿರುವ ವೈದ್ಯರು ದಯವಿಟ್ಟು ಒಂದನ್ನು ಗಮನಿಸಬೇಕು. ಪ್ಯಾಕೇಜ್ ಆಗಿದೆ ಎಂದರೆ ರೋಗನಿರ್ಣಯಕ್ಕೆ ಮಾನ್ಯತೆ ಸಿಕ್ಕಿದೆ ಎಂದು ತಿಳಿಯಬಾರದು. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ, 2020ರ ಏಪ್ರಿಲ್‌ನಿಂದ ರೋಗನಿರ್ಣಯ, ಚಿಕಿತ್ಸೆಗೆಂದು ಮಾಡಿದ ತಂತ್ರಾಂಶವೂ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ಕಲಿಕೆಗೆ, ಸಂಶೋಧನೆಗೆ ಧಾರಾಳವಾಗಿ ಬಳಸಿ. ರೋಗಿಯ ಮೇಲೆ ತೀರ್ಮಾನ ಕೈಗೊಳ್ಳುವ ಮೊದಲು ನಿಯಮ ಏನು ಹೇಳುತ್ತದೆ ನೋಡಿ. 1985ರಿಂದ 87ರವರೆಗೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ತಂತ್ರಾಂಶದ ದೋಷದಿಂದ ರೋಗಿಗಳು ಅತಿಯಾದ ವಿಕಿರಣಕ್ಕೆ ಸಿಕ್ಕಿ ಸತ್ತದ್ದನ್ನು ಈ ಕ್ಷೇತ್ರದ ಯಾರೂ ಮರೆಯುವಂತಿಲ್ಲ.

ರೋಗಿಯ ದಾಖಲೆ, ಔಷಧದ ದಾಸ್ತಾನು, ಬಿಲ್ಲು ಎಲ್ಲವನ್ನೂ ನೋಡಿಕೊಳ್ಳುವ ದೊಡ್ಡ ತಂತ್ರಾಂಶಗಳು ಡೆಬಿಯನ್‌ನೊಳಗೆ ಬಂದಿರುವುದು ಕಡಿಮೆ ಎಂಬುದನ್ನೂ ಹೇಳಬೇಕು. ಥಾಟ್‌ವರ್ಕ್ಸ್‌ನವರು ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆಯ ಜೊತೆ ಸೇರಿ ಬೆಳೆಸಿದ ಬಾಹ್ಮ್ನಿ ಎಂಬ ಮುಕ್ತ ತಂತ್ರಾಂಶ ಹಳ್ಳಿಗಾಡಿನ ಆಸ್ಪತ್ರೆಗಳಿಗೆಂದೇ ರೂಪುಗೊಂಡದ್ದು. ಇಂಥವು ನೂರಾರು ಸಣ್ಣ ಲೈಬ್ರರಿಗಳ ಮೇಲೆ ನಿಂತಿರುತ್ತವೆ, ಅಷ್ಟನ್ನೂ ಒಂದೊಂದಾಗಿ ಪರಿಶೀಲಿಸಿ ಒಳಗೆ ತರಲು ಕೈಗಳು ಸಾಲುತ್ತಿಲ್ಲ. ಜೀವವಿಜ್ಞಾನದಲ್ಲಿ ಡೆಬಿಯನ್ ಮೆಡ್ ಗೆದ್ದಿದೆ, ಆಸ್ಪತ್ರೆಯ ಕಚೇರಿಯಲ್ಲಿ ಇನ್ನೂ ಗೆದ್ದಿಲ್ಲ. ಇದು ನನ್ನ ತೀರ್ಮಾನ.

ಕನ್ನಡದ ಬಗ್ಗೆ ಒಂದು ಮಾತು ಹೇಳದೆ ಈ ವೇದಿಕೆ ಇಳಿಯಲಾರೆ. ಡೆಬಿಯನ್ ಅನುಸ್ಥಾಪನೆಯ ಮೊದಲ ಪರದೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಕನ್ನಡ ಅಕ್ಷರಶೈಲಿಗಳು ಪ್ಯಾಕೇಜ್ ಆಗಿವೆ. ಅಚ್ಚಾದ ಕನ್ನಡವನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್‌ನ ಕನ್ನಡ ಭಾಗವೂ ಇದೆ. ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂರಿಸುವ ಹಾರ್ಫ್‌ಬಜ್ ಎಂಬ ಲೈಬ್ರರಿಯನ್ನೇ ನೂರಾರು ತಂತ್ರಾಂಶ ಬಳಸುತ್ತವೆ. ಅಲ್ಲಿ ಒಂದು ಕನ್ನಡ ಒತ್ತು ಸರಿಯಾದರೆ ಅವೆಲ್ಲದರಲ್ಲೂ ಸರಿಯಾಗುತ್ತದೆ. ರೋಗದ ಲೆಕ್ಕಕ್ಕೂ ಇದಕ್ಕೂ ಸಂಬಂಧವಿದೆ. ಅರಳಗೋಡು ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಜನ ಮೂರು ರೀತಿ ಬರೆದರೆ ಕಂಪ್ಯೂಟರಿಗೆ ಅವು ಮೂರು ಊರು. ಕನ್ನಡದಲ್ಲಿ ಬರೆದರೆ ಒಂದೇ ಊರು. ಆಶಾ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ಬರೆದುಕೊಂಡ ಹೆಸರೇ ಕೊನೆಯ ನಕ್ಷೆಯವರೆಗೂ ಹೋಗಬೇಕು ಎಂಬುದು ನನ್ನ ಬಹುಕಾಲದ ಆಸೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದುವವರಿದ್ದೀರಿ. ಜೆಎನ್‌ಎನ್‌ಸಿಇಯಲ್ಲಿ ಎಂಜಿನಿಯರಿಂಗ್ ಓದುವವರಿದ್ದೀರಿ. ಸಿಮ್ಸ್‌ನಲ್ಲಿ ವೈದ್ಯಕೀಯ ಓದುವವರಿದ್ದೀರಿ. ಮೂವರೂ ಒಂದು ಬಸ್ಸಿನ ಪ್ರಯಾಣದ ದೂರದಲ್ಲಿದ್ದೀರಿ, ಆದರೆ ಒಟ್ಟಿಗೆ ಕೂರುವುದು ಅಪರೂಪ. ಈ ಕೆಲಸಕ್ಕೆ ಮೂವರೂ ಬೇಕು. ಕೋಡ್ ಕಟ್ಟಿಕೊಳ್ಳುತ್ತದೆಯೇ ಎಂದು ಎಂಜಿನಿಯರ್ ಹೇಳಬಲ್ಲರು, ಬಂದ ಉತ್ತರ ಸರಿಯೇ ಎಂದು ಜೀವವಿಜ್ಞಾನಿ ಹೇಳಬೇಕು, ಆ ಉತ್ತರದಿಂದ ಏನು ಪ್ರಯೋಜನ ಎಂದು ವೈದ್ಯರು ಹೇಳಬೇಕು.

ಮೊದಲ ಕೆಲಸ ಸಣ್ಣದಾಗಿರಲಿ. ಡೆಬಿಯನ್ ಮೆಡ್‌ನಲ್ಲಿ ಪರೀಕ್ಷೆಯಿಲ್ಲದ ಪ್ಯಾಕೇಜ್‌ಗಳು ಇನ್ನೂ ಇವೆ. ಅನುಕ್ರಮಗಳನ್ನು ಹೋಲಿಸುವ ಅಂಥ ಒಂದನ್ನು ಆರಿಸಿಕೊಳ್ಳಿ. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಕ್ಯಾಸನೂರು ವೈರಸ್‌ನ ಅನುಕ್ರಮಗಳು ಎಲ್ಲರಿಗೂ ತೆರೆದಿವೆ. ಅವುಗಳಲ್ಲಿ ಮೂರನ್ನೋ ನಾಲ್ಕನ್ನೋ ಇಟ್ಟು ಒಂದು ಪರೀಕ್ಷೆ ಬರೆದು ಕಳುಹಿಸಿ. ಹೊಸಬರ ಕೆಲಸವನ್ನು ಅನುಭವಿಗಳೊಬ್ಬರು ನೋಡಿ, ತಿದ್ದಿಸಿ, ತಮ್ಮ ಸಹಿಯೊಡನೆ ಒಳಗೆ ಸೇರಿಸುವ ಪದ್ಧತಿ ಅಲ್ಲಿದೆ. ಚೇಂಜ್‌ಲಾಗ್‌ನಲ್ಲಿ ನಿಮ್ಮ ಹೆಸರಿರುತ್ತದೆ.

ನಾನು ಪ್ರತಿ ತಿಂಗಳ ಎರಡನೆಯ ಭಾನುವಾರ ಭದ್ರಾವತಿಯ ಮನೆಯಲ್ಲಿರುತ್ತೇನೆ. ಬರುವವರು ಇಂದೇ ಸಂಘಟಕರ ಬಳಿ ಹೆಸರು ಕೊಟ್ಟುಹೋಗಿ. ಲ್ಯಾಪ್‌ಟಾಪ್ ಇಲ್ಲದವರೂ ಬನ್ನಿ, ನನ್ನಲ್ಲಿ ಎರಡು ಯಂತ್ರಗಳಿವೆ.